ಕುದುರೆಯ ಬೆಲೆ 'ಯಾ'

ಒಬ್ಬನ ಬಳಿ 300 ನಾಣ್ಯ, 6 ಕುದುರೆ. ಇನ್ನೊಬ್ಬನ ಬಳಿ 10 ಕುದುರೆ, ಮೇಲೆ 100 ನಾಣ್ಯದ ಸಾಲ. ಕುದುರೆಗಳ ಬೆಲೆಯೆಲ್ಲ ಒಂದೇ, ಇಬ್ಬರ ಆಸ್ತಿಯೂ ಸಮ. ಹಾಗಾದರೆ ಒಂದು ಕುದುರೆಗೆ ಎಷ್ಟು? 1150ರ ಸುಮಾರಿಗೆ ಭಾಸ್ಕರಾಚಾರ್ಯ 'ಬೀಜಗಣಿತ'ದಲ್ಲಿ ಕೇಳಿದ ಲೆಕ್ಕವಿದು. ಅದನ್ನು ಎರಡು ಸಾಲಿನಲ್ಲಿ ಹೀಗೆ ಬರೆಯುತ್ತಿದ್ದರು:

ಯಾ 6 ರೂ 300
ಯಾ 10 ರೂ 100

ಕೆಳಗಿನ 100ರ ನೆತ್ತಿಯ ಮೇಲೊಂದು ಚುಕ್ಕಿ ಇರುತ್ತಿತ್ತು. ಅದು ಋಣದ ಗುರುತು. ಸಮಚಿಹ್ನೆ ಇಲ್ಲ, ಒಂದರ ಕೆಳಗೊಂದು ಬರೆದರೆ ಎರಡೂ ಸಮವೆಂದೇ ಅರ್ಥ. 'ರೂ' ಎಂದರೆ ರೂಪ, ಬಿಡಿ ಸಂಖ್ಯೆ. 'ಯಾ' ಎಂದರೆ ಯಾವತ್ತಾವತ್, ಎಷ್ಟೋ ಅಷ್ಟು. ನಾಲ್ಕು 'ಯಾ'ಗೆ 400, ಕುದುರೆಗೆ 100.

ಅವ್ಯಕ್ತಗಳು ಒಂದಕ್ಕಿಂತ ಹೆಚ್ಚಾದರೆ ಬಣ್ಣಗಳು ಬರುತ್ತಿದ್ದವು: ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಕಾ, ನೀ, ಪೀ, ಲೋ. ಬಣ್ಣಗಳನ್ನು ಹೀಗೆ ಬಳಸುವ ರೂಢಿ 628ರ ಬ್ರಹ್ಮಗುಪ್ತನಲ್ಲೇ ಇದೆ. 'ವರ್ಣ' ಎಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ನಮ್ಮ ಕನ್ನಡ ಪಠ್ಯಪುಸ್ತಕದ 'ಚರಾಕ್ಷರ'ದಲ್ಲೂ ಅಕ್ಷರ ಕೂತಿದೆ, ಲೆಕ್ಕ ಮಾತ್ರ 'ಎಕ್ಸ್'ನಲ್ಲಿ ನಡೆಯುತ್ತದೆ.

ಇಲ್ಲಿಗೆ ನಿಲ್ಲಿಸಿ 'ಎಲ್ಲವೂ ನಮ್ಮಲ್ಲೇ ಇತ್ತು' ಎಂದು ಎದೆ ತಟ್ಟಿಕೊಳ್ಳುವವರಿದ್ದಾರೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ಆ ಎರಡು ಸಾಲನ್ನು ಮತ್ತೆ ನೋಡಿ: ಗೊತ್ತಿಲ್ಲದ್ದಕ್ಕೆ ಅಕ್ಷರ ಸಿಕ್ಕಿದೆ, ಗೊತ್ತಿರುವ 6, 10, 300 ಅಂಕಿಗಳಾಗಿಯೇ ಉಳಿದಿವೆ. ಎಲ್ಲ ಲೆಕ್ಕಕ್ಕೂ ಹೊಂದುವ ನಿಯಮ ಇರಲಿಲ್ಲವೆಂದಲ್ಲ. ವರ್ಗದ ಸಹಗುಣಕದ ನಾಲ್ಕರಷ್ಟರಿಂದ ಎರಡೂ ಬದಿಯನ್ನು ಗುಣಿಸು, ಅವ್ಯಕ್ತದ ಸಹಗುಣಕದ ವರ್ಗವನ್ನು ಎರಡಕ್ಕೂ ಕೂಡಿಸು ಎಂಬ ಶ್ರೀಧರನ ಸೂತ್ರವನ್ನು ಭಾಸ್ಕರನೇ ಎತ್ತಿಕೊಟ್ಟಿದ್ದಾನೆ. ಇಂದಿಗೂ ವರ್ಗಸಮೀಕರಣ ಬಿಡಿಸಲು ಅದು ಸಾಕು. ಆದರೆ ಅದು ಇದ್ದದ್ದು ಶ್ಲೋಕದಲ್ಲಿ. ಶ್ಲೋಕ ಬಾಯಿಪಾಠಕ್ಕೆ ಸೊಗಸು. ಅದನ್ನೇ ಕೂಡಿಸಿ, ಕಳೆದು, ಇನ್ನೊಂದು ಸೂತ್ರ ಹುಟ್ಟಿಸಲು ಬರುವುದಿಲ್ಲ.

ಆ ಹೆಜ್ಜೆ ಇಟ್ಟವನು ಫ್ರಾನ್ಸಿನ ವಕೀಲ ಫ್ರಾನ್ಸ್ವಾ ವಿಯೆಟ್. 1591ರಲ್ಲಿ ಅವನು ಅವ್ಯಕ್ತಗಳಿಗೆ ಸ್ವರಗಳನ್ನೂ ಗೊತ್ತಿರುವ ರಾಶಿಗಳಿಗೆ ವ್ಯಂಜನಗಳನ್ನೂ ಹಂಚಿದ. 1637ರಲ್ಲಿ ಡೆಕಾರ್ಟ್ ಈ ಹಂಚಿಕೆಯನ್ನು ಬದಲಿಸಿ, ವರ್ಣಮಾಲೆಯ ಮೊದಲ ಅಕ್ಷರಗಳನ್ನು ಗೊತ್ತಿರುವುದಕ್ಕೂ ಕೊನೆಯವನ್ನು ಹುಡುಕಬೇಕಾದದ್ದಕ್ಕೂ ಇಟ್ಟ. ಕುದುರೆ ಆರಿರಲಿ, ಅರವತ್ತಿರಲಿ, ಅಂಥ ಲೆಕ್ಕಗಳೆಲ್ಲ ಆಮೇಲೆ ಒಂದೇ ಸಾಲಿನಲ್ಲಿ ಹಿಡಿಸಿದವು.