ಕಲ್ಲಿನ ವಿಗ್ರಹವೂ ದೇವರ ಪ್ರತಿರೂಪವೂ: ಹಳಿಯಾಳ ಸೀಮೆಯ ಸಿದ್ದಿ ಕ್ರೈಸ್ತರ ಇತಿಹಾಸದಿಂದ ಒಂದು ಚಿಂತನೆ

ಥೆಸಲೋನಿಕದ ವಿಶ್ವಾಸಿಗಳ ಮನಃಪರಿವರ್ತನೆಯನ್ನು ಸಂತ ಪೌಲರು ತಮ್ಮ ಮೊದಲ ಪತ್ರದ ಆರಂಭದಲ್ಲಿಯೇ ಎರಡು ಹೆಜ್ಜೆಗಳಾಗಿ ವಿವರಿಸುತ್ತಾರೆ (1:9). ಅವರು ವಿಗ್ರಹಗಳನ್ನು ತೊರೆದರು. ಜೀವಂತ ದೇವರ ಸೇವೆಗೆ ತಿರುಗಿದರು. ನಮ್ಮ ನಾಡಿನ ಧರ್ಮಸಭೆಯ ಇತಿಹಾಸವನ್ನು ಬೋಧಿಸುವಾಗ ಮೊದಲನೆಯ ಹೆಜ್ಜೆಗೆ ನಾವು ಹೆಚ್ಚು ಪುಟಗಳನ್ನು ಕೊಡುತ್ತೇವೆ. ಯಾವ ಊರಿನವರು ಯಾವಾಗ ಯಾವ ಪೂಜೆಯನ್ನು ಬಿಟ್ಟರು ಎಂಬುದನ್ನು ಎಣಿಸುತ್ತೇವೆ. ಆ ಬಳಿಕ ಅವರೂ ಅವರಿಗೆ ಜ್ಞಾನಸ್ನಾನ ಕೊಟ್ಟವರೂ ಯಾರ ಸೇವೆ ಮಾಡಿದರು ಎಂಬ ಎರಡನೆಯ ಪ್ರಶ್ನೆ ಹಿಂದೆ ಬೀಳುತ್ತದೆ. ಹಳಿಯಾಳ, ಜೋಯಿಡಾ, ಮುಂಡಗೋಡ, ಯಲ್ಲಾಪುರಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿ ಜನರ ಇತಿಹಾಸವು ಈ ಎರಡು ಪ್ರಶ್ನೆಗಳನ್ನು ಬೇರ್ಪಡಿಸಲು ನಮಗೆ ಅವಕಾಶ ಕೊಡುವುದಿಲ್ಲ.

ಗೋವೆಯಲ್ಲಿ ಒಡೆದದ್ದು, ಉಳಿದದ್ದು

ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಗೆದ್ದರು. 1540ರ ಹೊತ್ತಿಗೆ ತಿಸ್ವಾಡಿ ದ್ವೀಪದ ದೇವಾಲಯಗಳೂ, 1567ರ ಹೊತ್ತಿಗೆ ಸಾಷ್ಟಿಯ ದೇವಾಲಯಗಳೂ ಕೆಡವಲ್ಪಟ್ಟವು. 1567ರಲ್ಲಿಯೇ ಸೇರಿದ ಗೋವೆಯ ಮೊದಲ ಪ್ರಾಂತೀಯ ಸಭೆಯು ವಿಗ್ರಹಾರಾಧನೆಯ ವಿರುದ್ಧ ಕಠಿಣ ನಿರ್ಣಯಗಳನ್ನು ಕೈಗೊಂಡಿತು. ಅದೇ ಸಭೆ ಗುಲಾಮಗಿರಿಯ ವಿಚಾರವನ್ನೂ ಎತ್ತಿಕೊಂಡಿತು. ಆದರೆ ಅದನ್ನು ನಿಷೇಧಿಸಲಿಲ್ಲ. ಒಬ್ಬ ಮನುಷ್ಯನನ್ನು ಯಾವ ಯಾವ ಕಾರಣಗಳಿಂದ ನ್ಯಾಯವಾಗಿ ಗುಲಾಮನನ್ನಾಗಿ ಇಟ್ಟುಕೊಳ್ಳಬಹುದೆಂಬುದನ್ನು ಎಣಿಸಿ ಹೇಳಿತು.

ಆ ಗುಲಾಮರಲ್ಲಿ ಅನೇಕರನ್ನು ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕಾದ ತೀರಗಳಿಂದ ಹಡಗುಗಳಲ್ಲಿ ತರಲಾಗುತ್ತಿತ್ತು. 1583ರಿಂದ ಕೆಲವು ವರ್ಷ ಗೋವೆಯ ಮಹಾಧರ್ಮಾಧ್ಯಕ್ಷರ ಬಳಿ ಕಾರ್ಯದರ್ಶಿಯಾಗಿದ್ದ ಡಚ್ಚರ ಲಿನ್‌ಸ್ಕೋಟನ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ನಗರದ ಮುಖ್ಯ ಬೀದಿಯಲ್ಲಿ ಪ್ರತಿದಿನ ಬೆಳಿಗ್ಗೆ ಹರಾಜು ನಡೆಯುತ್ತಿತ್ತು. ಅರಬ್ಬೀ ಕುದುರೆಗಳ ಜೊತೆಯಲ್ಲಿ ಗಂಡು ಹೆಣ್ಣು ಗುಲಾಮರನ್ನೂ ಅಲ್ಲಿ ಮಾರುತ್ತಿದ್ದರು. ಭಾನುವಾರಗಳಲ್ಲಿಯೂ ಹಬ್ಬದ ದಿನಗಳಲ್ಲಿಯೂ ಮಾತ್ರ ಹರಾಜಿಗೆ ಬಿಡುವು. ಪ್ರಭುವಿನ ದಿನದ ಕಟ್ಟಳೆಯನ್ನು ಪಾಲಿಸಿದ ಆ ಬೀದಿಗೆ, ತಾನು ಮಾರುತ್ತಿರುವುದು ದೇವರ ಪ್ರತಿರೂಪವನ್ನು ಎಂಬುದು ಹೊಳೆಯಲಿಲ್ಲ.

ಗೋವೆಯ ಕಾನೂನಿನಲ್ಲಿ ಇನ್ನೊಂದು ವೈರುಧ್ಯವಿತ್ತು. ಹಿಂದೂ ಅಥವಾ ಮುಸ್ಲಿಂ ಒಡೆಯನ ಗುಲಾಮನು ಜ್ಞಾನಸ್ನಾನ ಪಡೆದರೆ ಅವನಿಗೆ ಬಿಡುಗಡೆ ದೊರೆಯುತ್ತಿತ್ತು. ಕ್ರೈಸ್ತ ಒಡೆಯನ ಗುಲಾಮನು ಜ್ಞಾನಸ್ನಾನ ಪಡೆದರೆ ಅವನಿಗೆ ಪೋರ್ಚುಗೀಸ್ ಹೆಸರು ಬರುತ್ತಿತ್ತು, ಬಿಡುಗಡೆ ಬರುತ್ತಿರಲಿಲ್ಲ. ಒಂದೇ ಸಂಸ್ಕಾರದ ಫಲವನ್ನು ಒಡೆಯನ ಆಸ್ತಿಯ ಹಕ್ಕು ಹೀಗೆ ಅಳೆಯಿತು. ಲೋಭವೂ ವಿಗ್ರಹಾರಾಧನೆಯೇ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (3:5) ಪ್ರೇಷಿತರು ಕಲಿಸಿದ್ದನ್ನು ಇಲ್ಲಿ ಅಲಂಕಾರದ ಮಾತೆಂದು ಓದಲು ಸಾಧ್ಯವಿಲ್ಲ. ಕಲ್ಲಿನ ವಿಗ್ರಹಗಳು ಉರುಳಿದ ನಗರದಲ್ಲಿ ಈ ವಿಗ್ರಹ ಮೂರು ಶತಮಾನಗಳಿಗೂ ಹೆಚ್ಚು ಕಾಲ ನಿಂತಿತ್ತು. ಪೋರ್ಚುಗಲ್ ತನ್ನ ಅಧೀನ ಪ್ರದೇಶಗಳಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿದ್ದು 1869ರಲ್ಲಿ.

ಧರ್ಮಸಭೆಯೊಳಗೆ ಬೇರೆ ದನಿಗಳಿರಲಿಲ್ಲವೆಂದಲ್ಲ. ನಾಲ್ಕನೆಯ ಶತಮಾನದಲ್ಲಿಯೇ ನಿಸ್ಸಾದ ಸಂತ ಗ್ರೆಗೊರಿಯವರು ಉಪದೇಶಕ ಗ್ರಂಥವನ್ನು ವಿವರಿಸುತ್ತಾ, ದೇವರ ಪ್ರತಿರೂಪಕ್ಕೆ ಬೆಲೆ ಕಟ್ಟಬಲ್ಲವರು ಯಾರೆಂದು ಗುಲಾಮರ ಒಡೆಯರನ್ನು ಪ್ರಶ್ನಿಸಿದ್ದರು. 1537ರಲ್ಲಿ ಜಗದ್ಗುರು ಮೂರನೇ ಪೌಲರು, ವಿಶ್ವಾಸದ ಹೊರಗಿರುವ ಜನಾಂಗಗಳ ಸ್ವಾತಂತ್ರ್ಯವನ್ನೂ ಕಸಿಯಬಾರದೆಂದು ಸಾರಿದರು. ಆದರೆ 1452ರಲ್ಲಿ ಜಗದ್ಗುರು ಐದನೇ ನಿಕೊಲಾಸರು ಪೋರ್ಚುಗಲ್ಲಿನ ಅರಸನಿಗೆ ಕ್ರೈಸ್ತೇತರರನ್ನು ದಾಸ್ಯಕ್ಕೆ ಒಳಪಡಿಸುವ ಅಧಿಕಾರವನ್ನು ಬರೆದುಕೊಟ್ಟಿದ್ದರೆಂಬುದೂ ಇತಿಹಾಸವೇ. ಗುಲಾಮರ ವ್ಯಾಪಾರವನ್ನು ಜಗದ್ಗುರು ಹದಿನಾರನೇ ಗ್ರೆಗೊರಿಯವರು 1839ರಲ್ಲಿ ಸ್ಪಷ್ಟವಾಗಿ ಖಂಡಿಸಿದರು. ಈ ದಾಖಲೆಗಳಲ್ಲಿ ನಮಗೆ ಅನುಕೂಲವಾದುದನ್ನು ಮಾತ್ರ ಆರಿಸಿಕೊಂಡು ಬೋಧಿಸುವುದು ವಿಶ್ವಾಸದ ದೃಢತೆಯ ಲಕ್ಷಣವಲ್ಲ.

ಘಟ್ಟ ಹತ್ತಿ ಬಂದ ವಿಶ್ವಾಸ

ಗೋವೆಯ ಪೂರ್ವದ ಗಡಿಗೆ ಜೋಯಿಡಾದ ಕಾಡು ತಾಗಿಕೊಂಡಿದೆ. ಒಡೆಯರಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡನ್ನು ಸೇರಿದರೆಂಬುದು ಸಿದ್ದಿಗಳ ಪರಂಪರೆಯ ನೆನಪು. ಸಂಶೋಧಕರೂ ಇದನ್ನು ಒಪ್ಪುತ್ತಾರೆ. ಅವರು ಮನೆಯಲ್ಲಿ ಆಡುವ ಕೊಂಕಣಿಯ ಬಗೆ ಇದಕ್ಕೆ ಸಾಕ್ಷಿಯಾಗಿ ಉಳಿದಿದೆ. ಇಂದು ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಕಥೋಲಿಕರೂ ಇದ್ದಾರೆ. ಕಥೋಲಿಕ ಸಿದ್ದಿಗಳು ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ಹೆಚ್ಚಾಗಿ ಕಾಣಸಿಗುತ್ತಾರೆ. ಒಡೆಯನ ಧರ್ಮವೇ ಆಳಿನ ಧರ್ಮವಾದ ಸಂದರ್ಭಗಳೂ ಇದ್ದುದರಿಂದ, ಪ್ರತಿಯೊಂದು ಕುಟುಂಬದ ವಿಶ್ವಾಸಕ್ಕೂ ಒಂದೇ ಮೂಲವನ್ನು ಹೇಳಲಾಗದು.

ಆದರೂ ಒಂದು ಸಂಗತಿ ನಮ್ಮ ಗಮನಕ್ಕೆ ಅರ್ಹವಾಗಿದೆ. ಗೋವೆಯ ಗಡಿ ದಾಟಿದವನಿಗೆ ಕ್ರೈಸ್ತನಾಗಿ ಉಳಿಯಲು ಯಾವ ಲೌಕಿಕ ಕಾರಣವೂ ಇರಲಿಲ್ಲ. ಅಲ್ಲಿ ಅರಸನ ಒತ್ತಾಯವಿರಲಿಲ್ಲ, ನ್ಯಾಯಪೀಠದ ಭಯವಿರಲಿಲ್ಲ, ಒಡೆಯನ ಬೆತ್ತವೂ ಇರಲಿಲ್ಲ. ಆ ಹೆಸರನ್ನು ಕಾಡಿನಲ್ಲಿ ಬಿಸುಡಬಹುದಾಗಿದ್ದ ಜನರ ನಡುವೆ ಅದು ತಲೆಮಾರುಗಳ ಕಾಲ ಉಳಿಯಿತು. ತಮ್ಮನ್ನು ಮಾರಿದವರ ಬಾಯಿಂದ ಕೇಳಿದ ಶುಭಸಂದೇಶವನ್ನು ಮಾರಿದವರಿಂದ ಬೇರ್ಪಡಿಸಿ ನೋಡುವ ವಿವೇಕ ಅವರಿಗಿತ್ತು. ಈಜಿಪ್ಟಿನಿಂದ ಹೊರಟ ಇಸ್ರಯೇಲರ ದೇವರು ಫರೋಹನ ದೇವರಲ್ಲ ಎಂಬ ತಿಳಿವಳಿಕೆ ಅದು.

ಈ ಪ್ರದೇಶಕ್ಕೆ 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯವೂ, 1976ರಲ್ಲಿ ಕಾರವಾರ ಧರ್ಮಪ್ರಾಂತ್ಯವೂ ಬಂದವು. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು. ಅವರ ವಿಶ್ವಾಸ ಇವೆಲ್ಲಕ್ಕಿಂತ ಹಳೆಯದು.

ಹಿರಿಯರ ಪ್ರಶ್ನೆ

ಸಿದ್ದಿಗಳ ನಡುವೆ ಸೇವೆಗೆ ಹೋಗುವ ಗುರುಗಳಿಗೆ ಎದುರಾಗುವ ಕಠಿಣ ಪ್ರಶ್ನೆ ಹಿರಿಯರದು. ತೀರಿಹೋದ ಹಿರಿಯರಿಗಾಗಿ ಮನೆಯಲ್ಲಿ ತೆಂಗಿನಕಾಯಿ ಇಟ್ಟು, ಎಡೆ ಇಟ್ಟು ಅವರನ್ನು ನೆನೆಯುವ ಪದ್ಧತಿ ಮೂರೂ ಧರ್ಮಗಳ ಸಿದ್ದಿಗಳಲ್ಲಿ ಕಂಡುಬರುತ್ತದೆ. ಇದು ವಿಗ್ರಹಾರಾಧನೆಯೇ?

ಸುಲಭದ ಉತ್ತರಗಳು ಎರಡು. ಹೌದೆಂದು ಹೇಳಿ ತೆಂಗಿನಕಾಯಿಯನ್ನು ಹೊರಗೆಸೆಯುವುದು ಒಂದು. ಸಂಸ್ಕೃತಿಯೆಂದು ಹೇಳಿ ಕಣ್ಣು ಮುಚ್ಚಿಕೊಳ್ಳುವುದು ಇನ್ನೊಂದು. ಕಥೋಲಿಕ ಧರ್ಮಸಭೆಯ ಧರ್ಮೋಪದೇಶವು (2113) ಇವೆರಡನ್ನೂ ತಡೆಯುತ್ತದೆ. ದೇವರ ಸ್ಥಾನದಲ್ಲಿ ಇಡಬಹುದಾದವುಗಳನ್ನು ಹೆಸರಿಸುವಾಗ ಅದು ಪೂರ್ವಜರನ್ನೂ ಸೇರಿಸುತ್ತದೆ. ಅದೇ ಸಾಲಿನಲ್ಲಿ ಅಧಿಕಾರ, ಜನಾಂಗ, ರಾಜ್ಯ, ಹಣಗಳನ್ನೂ ಸೇರಿಸುತ್ತದೆ. ಮೊದಲನೆಯದರ ಬಗ್ಗೆ ಬಡವರ ಮನೆಯಲ್ಲಿ ಗದರಿ, ಉಳಿದವುಗಳ ಬಗ್ಗೆ ಸಿರಿವಂತರ ಮನೆಯಲ್ಲಿ ಮೌನವಾಗಿರುವ ಗುರುವು ಆ ಬೋಧನೆಯ ಅರ್ಧವನ್ನೇ ಓದಿದ್ದಾನೆ.

ಚೀನಾದ ಕ್ರೈಸ್ತರ ಪೂರ್ವಜರ ಆಚರಣೆಗಳನ್ನು ರೋಮ್ 1742ರಲ್ಲಿ ಕಟ್ಟುನಿಟ್ಟಾಗಿ ನಿಷೇಧಿಸಿತು. ಅವು ಆರಾಧನೆಯಲ್ಲ, ಮಕ್ಕಳು ಸಲ್ಲಿಸುವ ಗೌರವವಾಗಿರಬಹುದೆಂದು ಒಪ್ಪಿ 1939ರಲ್ಲಿ ಅವಕಾಶ ನೀಡಿತು. ಸುಮಾರು ಇನ್ನೂರು ವರ್ಷ ಹಿಡಿದ ಈ ವಿವೇಚನೆಗೆ ಬೇಕಾದ ಅಳತೆಗೋಲು 787ರ ಎರಡನೇ ನೀಸಿಯ ಮಹಾಸಭೆಯಲ್ಲಿಯೇ ಇತ್ತು: ಆರಾಧನೆ ದೇವರೊಬ್ಬರಿಗೇ, ಗೌರವ ಅರ್ಹರಾದವರಿಗೆ.

ಈ ಅಳತೆಗೋಲಿನಿಂದ ನಾವು ಮೂರು ವಿಷಯಗಳನ್ನು ವಿಚಾರಿಸಬಹುದು. ಹಿರಿಯರನ್ನು ನೆನೆಯುತ್ತಾರೆಯೇ, ಅಥವಾ ಅವರು ದೇವರ ಹಂಗಿಲ್ಲದೆ ಒಳಿತು ಕೆಡುಕು ಮಾಡಬಲ್ಲರೆಂದು ನಂಬುತ್ತಾರೆಯೇ? ಎಡೆಯನ್ನು ಪ್ರೀತಿಯಿಂದ ಇಡುತ್ತಾರೆಯೇ, ಮುನಿಸಿನ ಭಯದಿಂದ ಇಡುತ್ತಾರೆಯೇ? ಆ ಸ್ಮರಣೆಯನ್ನು ಬಲಿಪೂಜೆಗೆ, ನವೆಂಬರ್ 2ರ ಮೃತರ ಸ್ಮರಣೆಗೆ ತರಲು ಅವರು ಸಿದ್ಧರೇ? ಭಯ ಇರುವಲ್ಲಿ, ಕ್ರಿಸ್ತರು ಮರಣವನ್ನು ಗೆದ್ದಿದ್ದಾರೆಂಬುದನ್ನು ಸ್ಪಷ್ಟವಾಗಿ ಸಾರಬೇಕು. ಅಲ್ಲಿ ಮೌನವಾಗಿರುವುದು ಕರುಣೆಯಲ್ಲ. ಪ್ರೀತಿ ಇರುವಲ್ಲಿ, ಸಂತರ ಅನ್ಯೋನ್ಯತೆಯ ಬೋಧನೆಗೆ ನೆಲ ಆಗಲೇ ಹದವಾಗಿದೆ.

ಸಿದ್ದಿಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಸೇರಿಸಬೇಕು. ಗುಲಾಮಗಿರಿ ಮನುಷ್ಯನಿಂದ ಮೊದಲು ಕಿತ್ತುಕೊಳ್ಳುವುದು ಅವನ ಹಿರಿಯರನ್ನು. ಹಡಗು ಹತ್ತಿಸಿದವರಿಗೆ ತಂದೆಯ ಹೆಸರು ಬೇಕಿರಲಿಲ್ಲ. ಹರಾಜಿನ ಲೆಕ್ಕದಲ್ಲಿ ವಂಶಾವಳಿಗೆ ಜಾಗವಿರಲಿಲ್ಲ. ಅಂಥ ಜನರು ಹಿರಿಯರ ಸ್ಮರಣೆಯನ್ನು ಉಳಿಸಿಕೊಂಡಿರುವುದರಲ್ಲಿ ತಂದೆತಾಯಿಗಳನ್ನು ಗೌರವಿಸುವ ಆಜ್ಞೆಯ ಪಾಲನೆಯನ್ನೂ ನಾವು ಕಾಣಬೇಕು. ಅದನ್ನು ವಿಚಾರಿಸದೆ ಅಳಿಸಲು ಹೊರಟರೆ, ಹರಾಜಿನ ಬೀದಿ ಆರಂಭಿಸಿದ ಕೆಲಸವನ್ನು ನಾವು ಮುಗಿಸಿದಂತಾದೀತು.

ವಿಶ್ವಾಸದ ದೃಢತೆ

ಅಥೆನ್ಸಿನಲ್ಲಿ ವಿಗ್ರಹಗಳನ್ನು ಕಂಡು ಪೌಲರ ಮನಸ್ಸು ಕುದಿಯಿತು, ಆದರೆ ಅವರು ಕೈಗೆತ್ತಿಕೊಂಡದ್ದು ಸುತ್ತಿಗೆಯನ್ನಲ್ಲ, ಮಾತನ್ನು (ಪ್ರೇ. ಕಾ. 17). ಎಫೆಸದಲ್ಲಿ ಪೌಲರ ಸಂಗಡಿಗರು ದೇವಾಲಯವನ್ನು ದೋಚಿದವರಲ್ಲ, ದೇವಿಯನ್ನು ದೂಷಿಸಿದವರೂ ಅಲ್ಲ ಎಂದು ಆ ನಗರದ ಅಧಿಕಾರಿಯೇ ಸಾಕ್ಷಿ ನುಡಿದನು (19:37). ಅವರ ದೃಢತೆಗೆ ಅರಸನ ಬಲ ಬೇಕಾಗಿರಲಿಲ್ಲ. ಹಳಿಯಾಳದ ಕಾಡಿನಲ್ಲಿ ಉಳಿದ ವಿಶ್ವಾಸಕ್ಕೂ ಅದು ಬೇಕಾಗಲಿಲ್ಲ.

ಆದುದರಿಂದ ಆ ಸೀಮೆಗೆ ಸೇವೆಗೆಂದು ಹೊರಡುವ ಗುರುವಿದ್ಯಾರ್ಥಿಗಳು ಎರಡು ಪರೀಕ್ಷೆಗಳನ್ನು ಒಟ್ಟಿಗೆ ಮಾಡಬೇಕೆಂಬುದು ನಮ್ಮ ಅರಿಕೆ. ಸಿದ್ದಿ ಕುಟುಂಬದ ಮೂಲೆಯಲ್ಲಿರುವ ತೆಂಗಿನಕಾಯಿಯ ಅರ್ಥವನ್ನು ತಾಳ್ಮೆಯಿಂದ ಕೇಳಿ ತಿಳಿಯಬೇಕು. ಅಷ್ಟೇ ತಾಳ್ಮೆಯಿಂದ, ಆ ಕುಟುಂಬದ ದುಡಿಮೆಯ ಕೂಲಿ, ಉಳುವ ನೆಲ, ಹೊತ್ತ ಸಾಲಗಳು ಯಾರ ಕೈಯಲ್ಲಿವೆ, ಆ ಕೈ ನಮ್ಮದೇ ಪೂಜಾಪೀಠದ ಮುಂದೆ ಪರಮಪ್ರಸಾದಕ್ಕಾಗಿ ಚಾಚುತ್ತದೆಯೇ ಎಂಬುದನ್ನೂ ಕೇಳಿ ತಿಳಿಯಬೇಕು. ಥೆಸಲೋನಿಕದವರು ಇಟ್ಟ ಎರಡನೆಯ ಹೆಜ್ಜೆಯನ್ನು ನಮ್ಮ ಧರ್ಮಕೇಂದ್ರಗಳು ಇಡಬೇಕಾದದ್ದು ಅಲ್ಲಿಂದಲೇ.