ನೆಂಟರು ಹೊರಟ ಮೇಲೆ

“ಮಿತ್ರರಾಷ್ಟ್ರ ಅಂದಮೇಲೆ ಅಲ್ಲಿ ಸೈನ್ಯ ಯಾಕೆ ಟೀಚರ್?” ತರಗತಿಯಲ್ಲಿ ಹುಡುಗಿಯೊಬ್ಬಳು ಹೀಗೆ ಕೇಳಿದಾಗ ನನಗೆ ನೆನಪಾದದ್ದು ಫಿಲಿಪೈನ್ಸ್.

1946ರಲ್ಲಿ ಆ ದೇಶಕ್ಕೆ ಸ್ವಾತಂತ್ರ್ಯ ಕೊಟ್ಟ ಅಮೆರಿಕ, ಮರುವರ್ಷವೇ ಒಪ್ಪಂದ ಮಾಡಿಕೊಂಡು ಸುಬಿಕ್ ಬಂದರಿನಲ್ಲೂ ಕ್ಲಾರ್ಕ್ ವಿಮಾನನೆಲೆಯಲ್ಲೂ ಸೈನ್ಯ ಉಳಿಸಿಕೊಂಡಿತು. ವಿಯೆಟ್ನಾಂ ಯುದ್ಧಕ್ಕೆ ಅವೇ ಉಗ್ರಾಣವಾದವು. 1991ರ ಜೂನ್‌ನಲ್ಲಿ ಪಿನಾಟುಬೊ ಜ್ವಾಲಾಮುಖಿ ಕ್ಲಾರ್ಕನ್ನು ಬೂದಿಯಲ್ಲಿ ಮುಚ್ಚಿತು. ಆ ಹೊತ್ತಿಗೆ ರಷ್ಯದ ಭಯವೂ ಇಳಿದಿತ್ತು. ಅಮೆರಿಕ ಕ್ಲಾರ್ಕನ್ನು ಬಿಟ್ಟು ಸುಬಿಕ್ ಮಾತ್ರ ಬೇಕೆಂದಿತು. ಅಧ್ಯಕ್ಷೆ ಕೊರಾಜನ್ ಅಕ್ವಿನೊ ಒಪ್ಪಿದ್ದರು. ಆದರೆ ಸೆಪ್ಟೆಂಬರ್ 16ರಂದು ಸೆನೆಟಿನಲ್ಲಿ 12 ಮಂದಿ ಬೇಡವೆಂದರು, 11 ಮಂದಿ ಬೇಕೆಂದರು. 1992ರ ನವೆಂಬರಿನಲ್ಲಿ ಸೈನ್ಯ ಹೊರಟಿತು.

ಸ್ವಾಭಿಮಾನ ಗೆದ್ದಿತು, ನಿಜ. ಆದರೆ ಪಕ್ಕದ ಒಲೊಂಗಾಪೊ ಊರಿನಲ್ಲಿ ನೆಲೆಯನ್ನೇ ನಂಬಿದ್ದ ಸಾವಿರಾರು ಮನೆಗಳ ಒಲೆ? ಬಾರುಗಳಲ್ಲಿ ಮೈ ಮಾರಿ ತವರಿಗೆ ದುಡ್ಡು ಕಳಿಸುತ್ತಿದ್ದ ಹೆಣ್ಣುಮಕ್ಕಳು? ಸೈನ್ಯ ಇದ್ದಾಗಲೂ ಹೋದಾಗಲೂ ಬೆಲೆ ತೆತ್ತವರು ಅವರೇ.

1995ರಲ್ಲಿ ಚೀನಾ, ಹತ್ತಿರದ ಮಿಸ್‌ಚೀಫ್ ಹವಳದಿಬ್ಬದ ಮೇಲೆ ಕಟ್ಟಡ ಎಬ್ಬಿಸಿತು. 2014ರಲ್ಲಿ ಫಿಲಿಪೈನ್ಸ್ ಮತ್ತೆ ಅಮೆರಿಕಕ್ಕೆ ಬಾಗಿಲು ತೆರೆಯಿತು. ಈ ಸಲ ತನ್ನದೇ ನೆಲೆಗಳಲ್ಲಿ, ಸರದಿಯ ಮೇಲೆ.

“ಸ್ನೇಹಕ್ಕಲ್ಲಮ್ಮ, ಭಯ ಮತ್ತು ಅಗತ್ಯಕ್ಕೆ ಸೈನ್ಯ ಉಳಿಯುತ್ತೆ,” ಎಂದೆ. ಅವಳು ಬರೆದುಕೊಂಡಳು. ಆಮೇಲೆ ತಲೆಯೆತ್ತಿ, “ಆ ಹೆಣ್ಣುಮಕ್ಕಳ ವಿಷಯಾನೂ ಬರೀಬೇಕಾ ಟೀಚರ್?” ಎಂದಳು.

ಬರಿ ಎಂದೆ.