ಕ್ಯಾನ್ಸರ್ ರೋಗಿಗೆ ಮನೆಮಾತಿನ ವಿಡಿಯೋ: ಸೊಲ್ಲಾಪುರ, ಅಕ್ಕಲಕೋಟೆಯಿಂದ ಕಲಿಯಬೇಕಾದ್ದು

ಸಿನೆಮಾ ಶುರುವಾಗುವ ಮುಂಚೆ ಬರುವ ಒಂದು ಜಾಹೀರಾತು ಬಹಳ ಜನರಿಗೆ ಇಂದಿಗೂ ನೆನಪಿದೆ. ಗುಟ್ಕಾ ಜಗಿದು ಬಾಯಿ ಕ್ಯಾನ್ಸರ್ ಬಂದು, 24ನೇ ವಯಸ್ಸಿಗೇ ತೀರಿಹೋದ ಮಹಾರಾಷ್ಟ್ರದ ಯುವಕನೊಬ್ಬನ ಮಾತು ಅದು. ಅರ್ಧ ನಿಮಿಷದ ಆ ದೃಶ್ಯ ಮಾಡಿದ ಕೆಲಸವನ್ನು ನೂರು ಕರಪತ್ರಗಳು ಮಾಡಲಾರವು. ಆದರೆ ಅದು ರೋಗ ಬಾರದಿರಲಿ ಎಂದು ಹೇಳುವ ವಿಡಿಯೋ. ರೋಗ ಬಂದೇಬಿಟ್ಟವರಿಗೆ, ಅದರಲ್ಲೂ ಓದು ಬಾರದ ಹಳ್ಳಿಯ ರೋಗಿಗಳಿಗೆ, ಮುಂದೇನು ಎಂದು ತಿಳಿಸುವವರು ಯಾರು?

ಗಡಿಯ ಹಳ್ಳಿ, ಹಲವು ಭಾಷೆ

ಮಹಾರಾಷ್ಟ್ರದ ಸೊಲ್ಲಾಪುರ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಕೇಳಿಬರುವ ಊರು. ಅಲ್ಲಿಂದ ಸುಮಾರು 40 ಕಿ.ಮೀ. ದೂರದ ಅಕ್ಕಲಕೋಟೆ ತಾಲೂಕಿನ ಅನೇಕ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು. ಆಚೆ ಬದಿಗೆ ಕರ್ನಾಟಕದ ಆಳಂದ, ಅಫಜಲಪುರ, ಇಂಡಿ ತಾಲೂಕುಗಳಿವೆ.

ಇಂಥ ಹಳ್ಳಿಯ ಹೆಂಗಸೊಬ್ಬಳಿಗೆ ಕ್ಯಾನ್ಸರ್ ಎಂದು ಗೊತ್ತಾದರೆ ಏನಾಗುತ್ತೆ ಯೋಚಿಸಿ. ವೈದ್ಯರು ಮರಾಠಿಯಲ್ಲಿ ಅಥವಾ ಹಿಂದಿಯಲ್ಲಿ ಹೇಳುತ್ತಾರೆ, ಚೀಟಿ ಇಂಗ್ಲಿಷಿನಲ್ಲಿರುತ್ತದೆ. ಜತೆಗೆ ಬಂದ ಮಗ ಅರ್ಧ ಅರ್ಥ ಮಾಡಿಕೊಂಡು, ಉಳಿದರ್ಧವನ್ನು ಅವ್ವನಿಗೆ ಹೆದರಿಕೆ ಆದೀತೆಂದು ಮುಚ್ಚಿಡುತ್ತಾನೆ. ಮನೆಗೆ ಬಂದ ಮೇಲೆ ಜ್ವರ ಬಂದರೆ ಏನು ಮಾಡಬೇಕು, ಯಾವ ಮಾತ್ರೆ ನಿಲ್ಲಿಸಬಾರದು ಎಂಬುದು ಯಾರಿಗೂ ಸರಿಯಾಗಿ ತಿಳಿದಿರುವುದಿಲ್ಲ. ಎಷ್ಟೋ ಸಲ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದು ಇಲ್ಲಿಯೇ.

ಬಾರ್ಶಿ ತೋರಿಸಿಕೊಟ್ಟ ದಾರಿ

ಇದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ 1987ರಲ್ಲಿ ಶುರುವಾದದ್ದು ಇಲ್ಲಿಯೇ. ಬಾರ್ಶಿ, ಪರಾಂಡಾ, ಭೂಮ್ ತಾಲೂಕುಗಳ 346 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. ನಗರದಲ್ಲಾದರೆ ಆಸ್ಪತ್ರೆಯ ದಾಖಲೆ ನೋಡಿದರೆ ಲೆಕ್ಕ ಸಿಗುತ್ತದೆ. ಹಳ್ಳಿಯಲ್ಲಿ ರೋಗಿ ಆಸ್ಪತ್ರೆಗೇ ಹೋಗಿರುವುದಿಲ್ಲ. ಹಾಗಾಗಿ ಕಾರ್ಯಕರ್ತರು ಹಳ್ಳಿ ಹಳ್ಳಿಗೆ ಹೋಗಿ, ಕ್ಯಾನ್ಸರ್ ಲಕ್ಷಣಗಳನ್ನು ಜನರಿಗೆ ವಿವರಿಸಿ, ಲಕ್ಷಣ ಇದ್ದವರನ್ನು ತಪಾಸಣೆಗೆ ಒಪ್ಪಿಸಬೇಕಾಯಿತು. ಕೆಲವೇ ವರ್ಷಗಳಲ್ಲಿ ಗರ್ಭಕಂಠದ ಕ್ಯಾನ್ಸರ್ ಮೊದಲ ಹಂತಗಳಲ್ಲೇ ಪತ್ತೆಯಾಗುವ ಪ್ರಮಾಣ ಏರಿತು. ಅಲ್ಲಿ ಬದಲಾವಣೆ ತಂದದ್ದು ದೊಡ್ಡ ಯಂತ್ರವಲ್ಲ, ಜನರ ಭಾಷೆಯಲ್ಲಿ ಆಡಿದ ಮಾತು.

ಆದರೆ ಬರೀ ಮಾತು ಸಾಕೇ? ಪಕ್ಕದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1999ರಲ್ಲಿ ಆರಂಭವಾದ ಅಧ್ಯಯನ ಇದಕ್ಕೆ ಉತ್ತರ ಕೊಟ್ಟಿತು. 30ರಿಂದ 59 ವರ್ಷದ 1,31,746 ಮಹಿಳೆಯರು ಅದರಲ್ಲಿದ್ದರು. ಫಲಿತಾಂಶ ಪ್ರಕಟವಾದದ್ದು 2009ರಲ್ಲಿ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ ಗುಂಪಿನಲ್ಲಿ ಗರ್ಭಕಂಠದ ಕ್ಯಾನ್ಸರ್‌ನಿಂದ ಸತ್ತವರು 34. ಮಾಹಿತಿ ಮಾತ್ರ ಪಡೆದ ಗುಂಪಿನಲ್ಲಿ 64. ಅಂದರೆ ತಿಳುವಳಿಕೆ ಬೇಕು, ಅದರ ಬೆನ್ನಿಗೇ ಪರೀಕ್ಷೆಯೂ ಚಿಕಿತ್ಸೆಯೂ ಕೈಗೆಟಕಬೇಕು. ವಿಡಿಯೋ ಮಾಡುವವರು ಮೊದಲು ನೆನಪಿಡಬೇಕಾದ ಸಂಗತಿ ಇದು. ಅದರ ಕೊನೆಯಲ್ಲಿ "ಎಲ್ಲಿಗೆ, ಯಾವ ದಿನ, ಯಾರ ಹತ್ತಿರ ಹೋಗಬೇಕು" ಎಂಬುದು ಇರಲೇಬೇಕು.

ವಿಡಿಯೋದಲ್ಲಿ ಏನಿರಬೇಕು?

ರೋಗ ಪತ್ತೆಗೆ: ಎರಡು ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಕಷ್ಟ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ. ಇವನ್ನು ಚಿತ್ರದಲ್ಲಿ ತೋರಿಸಿದರೆ ಓದು ಬಾರದವರಿಗೂ ಅರ್ಥವಾಗುತ್ತದೆ.

ಚಿಕಿತ್ಸೆಯಲ್ಲಿರುವವರಿಗೆ: ಕೀಮೋ ಕೊಡುವ ಕೋಣೆ ಹೇಗಿರುತ್ತದೆ, ರೇಡಿಯೇಶನ್ ಯಂತ್ರದ ಕೆಳಗೆ ಎಷ್ಟು ಹೊತ್ತು ಮಲಗಬೇಕು ಎಂದು ಮುಂಚೆಯೇ ನೋಡಿದರೆ ಅರ್ಧ ಭಯ ಹೋಗುತ್ತದೆ. ಕೀಮೋ ಆದ ಮೇಲೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಒಂದು ವಾಕ್ಯ ಜೀವ ಉಳಿಸಬಲ್ಲದು. ಕೂದಲು ಉದುರಿದರೆ ಸಾಮಾನ್ಯವಾಗಿ ಮತ್ತೆ ಬರುತ್ತದೆ ಎಂಬುದೂ ಹೇಳಬೇಕು.

ಮನೆಯವರಿಗೆ: ಮೂಗಿನ ನಳಿಕೆಯಲ್ಲಿ ಆಹಾರ ಕೊಡುವ ಕ್ರಮ, ಬಾಯಿ ಶುಚಿ, ಸ್ತನದ ಶಸ್ತ್ರಚಿಕಿತ್ಸೆಯ ನಂತರ ಕೈಗೆ ವ್ಯಾಯಾಮ. ಇವೆಲ್ಲ ಬಾಯಿಮಾತಿಗಿಂತ ನೋಡಿ ಕಲಿಯುವ ಕೆಲಸಗಳು. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಪಾತ್ರೆ ಬೇರೆ ಇಡುವುದು, ಮೊಮ್ಮಕ್ಕಳನ್ನು ದೂರ ಇಡುವುದು ರೋಗಿಯ ಮನಸ್ಸು ಮುರಿಯುತ್ತದೆ, ಬೇರೇನೂ ಪ್ರಯೋಜನವಿಲ್ಲ.

ಹೇಗೆ ಮಾಡಬೇಕು, ಹೇಗೆ ತೋರಿಸಬೇಕು?

ಮೂರರಿಂದ ಐದು ನಿಮಿಷ, ಒಂದು ವಿಡಿಯೋಗೆ ಒಂದೇ ವಿಷಯ. ಮಾತು ಆ ಊರಿನದ್ದೇ ಆಗಿರಲಿ. ಅಕ್ಕಲಕೋಟೆಯ ಅಜ್ಜಿಗೆ ಟಿ.ವಿ. ವಾರ್ತೆಯ ಕನ್ನಡಕ್ಕಿಂತ "ಹೆದರಬ್ಯಾಡ್ರಿ, ಆರಾಮ ಆಗ್ತದ" ಎನ್ನುವ ದನಿ ಹತ್ತಿರ. ನೆಟ್‌ವರ್ಕ್ ಸಿಗದ ಕಡೆ ಮೆಮೊರಿ ಕಾರ್ಡ್‌ನಲ್ಲಿ ಹಾಕಿಕೊಟ್ಟರೂ ಆಯಿತು.

ವಿಡಿಯೋ ಕಳಿಸಿಬಿಟ್ಟರೆ ಕೆಲಸ ಮುಗಿಯಲಿಲ್ಲ. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ 2006ರಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಯೋಜನೆ ಕರ್ನಾಟಕದ ರೈತರಿಗೆ ಅವರದ್ದೇ ಊರಿನ ರೈತರ ವಿಡಿಯೋ ತೋರಿಸಿತು. ಅಲ್ಲಿ ಸ್ಥಳೀಯರೊಬ್ಬರು ಕೂತು, ನಡುನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ ಚರ್ಚೆ ನಡೆಸುತ್ತಿದ್ದರು. ಕ್ಯಾನ್ಸರ್ ವಿಷಯದಲ್ಲಿ ಆ ಜಾಗದಲ್ಲಿ ಆಶಾ ಕಾರ್ಯಕರ್ತೆ ಇರಬಹುದು. ನೋಡಿದ ಮೇಲೆ "ಈಗ ನೀವು ಹೇಳ್ರಿ, ಜ್ವರ ಬಂದ್ರ ಏನ್ ಮಾಡ್ತೀರಿ?" ಎಂದು ಕೇಳಿದರೆ ಅರ್ಥವಾಯಿತೋ ಇಲ್ಲವೋ ಗೊತ್ತಾಗುತ್ತದೆ.

ಎರಡು ಎಚ್ಚರಿಕೆ ಬೇಕು. ರೋಗಿಯ ಒಪ್ಪಿಗೆ ಇಲ್ಲದೆ ಮುಖ ತೋರಿಸಬಾರದು. ಕ್ಯಾನ್ಸರ್ ತಜ್ಞರು ನೋಡಿ ಒಪ್ಪದ ವಿಡಿಯೋ ಹಂಚಬಾರದು. "ಈ ಎಲೆ ರಸ ಕುಡಿದರೆ ಕ್ಯಾನ್ಸರ್ ಮಾಯ" ಎಂಬ ವಾಟ್ಸ್ಆ್ಯಪ್ ವಿಡಿಯೋ ನಂಬಿ ಆರು ತಿಂಗಳು ಕಳೆದರೆ, ಗುಣವಾಗಬಹುದಾಗಿದ್ದ ರೋಗ ಕೈಮೀರುತ್ತದೆ.

ಹಣ, ಪ್ರಯಾಣ

ಅಕ್ಕಲಕೋಟೆಯಿಂದ ಬಾರ್ಶಿಗೆ ನೂರು ಕಿ.ಮೀ.ಗೂ ಹೆಚ್ಚು. ಕರ್ನಾಟಕದ ಕಡೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜತೆಗಿರುವ ಒಬ್ಬರಿಗೆ ಶೇ. 75 ರಿಯಾಯಿತಿ ಇದೆ. ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್‌ನಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಸಿಗುತ್ತದೆ. ಇದನ್ನೂ ಒಂದು ವಿಡಿಯೋ ಮಾಡಬಹುದಲ್ಲವೇ?

ನಮ್ಮ ಕರಾವಳಿಗೂ ಸಂಬಂಧವಿದೆ

ಸೊಲ್ಲಾಪುರ ಬೀಡಿ ಕಟ್ಟುವ ಹೆಂಗಸರ ಊರು. ಅಕ್ಕಲಕೋಟೆ ರಸ್ತೆಯ ಕುಂಭಾರಿಯಲ್ಲಿ 2006ರಲ್ಲಿ ಬೀಡಿ ಕಾರ್ಮಿಕರಿಗಾಗಿಯೇ 10,000 ಮನೆಗಳ ಬಡಾವಣೆ ಎದ್ದಿತು. ದಕ್ಷಿಣ ಕನ್ನಡದ ಎಷ್ಟೋ ಬ್ಯಾರಿ ಮನೆಗಳ ಒಲೆಯೂ ಬೀಡಿಯಿಂದಲೇ ಉರಿದಿದೆ. ಎಲೆ ಅಡಿಕೆ, ಹೊಗೆಸೊಪ್ಪು ನಮ್ಮಲ್ಲೂ ಹೊಸತಲ್ಲ. ಬ್ಯಾರಿ ಮಾತ್ರ ಆಡಬಲ್ಲ, ಕನ್ನಡ ಓದಲಾಗದ ಹಿರಿಯ ಉಮ್ಮಂದಿರ ಪಾಡು ಅಕ್ಕಲಕೋಟೆಯ ಅವ್ವನ ಪಾಡೇ. ನಾಚಿಕೆಯಿಂದ ಎದೆಯ ಗಂಟನ್ನು ಗಂಡನಿಗೂ ಹೇಳದೆ ಮುಚ್ಚಿಟ್ಟವರು ನಮ್ಮ ನಡುವೆಯೂ ಇದ್ದಾರೆ. ರಮಝಾನಿನಲ್ಲಿ ಉಪವಾಸ ತಪ್ಪುತ್ತದೆಂದು ಕೀಮೋ ಮುಂದೂಡುವವರೂ ಇದ್ದಾರೆ. ರೋಗಿಗೆ ಉಪವಾಸದಲ್ಲಿ ವಿನಾಯಿತಿ ಇದೆ ಎಂಬುದನ್ನು ಉಸ್ತಾದರೊಬ್ಬರು, ಕೀಮೋ ಯಾಕೆ ತಪ್ಪಿಸಬಾರದು ಎಂಬುದನ್ನು ವೈದ್ಯೆಯೊಬ್ಬರು, ಒಂದೇ ವಿಡಿಯೋದಲ್ಲಿ ಬ್ಯಾರಿಯಲ್ಲೇ ಹೇಳಿದರೆ ಎಷ್ಟು ಮನೆಗಳಿಗೆ ಉಪಕಾರ!

ಮೊಬೈಲು ಪ್ರತಿ ಯುವಕನ ಕೈಯಲ್ಲಿದೆ. ರೀಲ್ಸ್ ಮಾಡುವ ಕೌಶಲವೂ ಇದೆ. ಜಮಾಅತ್, ಯುವಕ ಸಂಘ, ಸ್ಥಳೀಯ ವೈದ್ಯಕೀಯ ಕಾಲೇಜು ಮೂವರೂ ಕೈಜೋಡಿಸಿದರೆ ಖರ್ಚು ದೊಡ್ಡದಲ್ಲ. ಯಾವುದೋ ಮನೆಯ ಉಮ್ಮ ಆ ಐದು ನಿಮಿಷ ನೋಡಿ, ಮರುದಿನವೇ ತಪಾಸಣೆಗೆ ಹೊರಟರೆ ಪಟ್ಟ ಶ್ರಮ ಸಾರ್ಥಕ.